ಕೂದಲ ಪೆಟ್ಟಿಗೆಗೆ ಒಂದು ಸೌಟು ಎಣ್ಣೆ

ತಂಗಮಣಿ ಚೇಚಿಯ ಮುಖಕ್ಕಿಂತ ಅವಳ ಬೆನ್ನೇ ನನಗೆ ಹೆಚ್ಚು ಗುರುತು. ಏಳಿಲಂಕಾವಿನ ಭಗವತಿ ಅವಳ ಮೈಮೇಲೆ ಬರುವಾಗ ಚೆಂಡೆ ಬಾರಿಸುವವನು ನಾನು. ಚೆಂಡೆಯವನ ಜಾಗ ಯಾವತ್ತೂ ಹಿಂದೆ. ಕೆಂಪು ಪಟ್ಟೆ, ಸೊಂಟದ ಗೆಜ್ಜೆಪಟ್ಟಿ, ಕಾಲಿನ ಚಿಲಂಬು, ತುದಿ ಬಾಗಿದ ಖಡ್ಗ, ಇದೆಲ್ಲ ಎದುರು ನಿಂತು ಕೈಮುಗಿಯುವವರ ಪಾಲು. ನನ್ನ ಪಾಲಿಗೆ ಕೂದಲು. ಬಿಚ್ಚಿಬಿಟ್ಟರೆ ಮೊಣಕಾಲಿನ ಹಿಂಬದಿ ಮುಟ್ಟುತ್ತಿತ್ತು. ದೇವಿ ಬರುವ ಮುಂಚೆ ಅದು ತುದಿಯಲ್ಲಿ ನಡುಗಲು ಶುರುಮಾಡುತ್ತಿತ್ತು, ಗಾಳಿ ಇರಲಿ ಬಿಡಲಿ. ಆ ನಡುಕ ನೋಡಿಯೇ ನಾನು ತಾಳ ಏರಿಸುತ್ತಿದ್ದೆ. ಒಮ್ಮೆ ಏರಿಸಿದ ಮೇಲೆ ದೇವಿ ಇಳಿದು ಹೋಗುವ ತನಕ ಕೋಲು ನಿಲ್ಲಬಾರದು. ನಮ್ಮಪ್ಪ ಕಲಿಸಿದ ಮೊದಲ ಪಾಠ ಅದು. ಶಾಲೆಯಲ್ಲಿ ಕಲಿತದ್ದಕ್ಕಿಂತ ಅದನ್ನೇ ನಾನು ಚೆನ್ನಾಗಿ ಕಲಿತಿದ್ದೆ.

ನಮ್ಮ ಕಾವಿನಲ್ಲಿ, ಭಗವತಿಯ ಆ ಬನದಲ್ಲಿ, ವೆಳಿಚ್ಚಪ್ಪಾಡು, ಅಂದರೆ ದೇವಿ ಬರುವ ಮೈ, ಹೆಂಗಸೇ ಆಗಬೇಕು, ಅದೂ ಕಾವಿನ ಪಕ್ಕದ ಆ ಹಳೇ ಮನೆಯವಳೇ ಆಗಬೇಕು. ಕುಂಭ ಮಾಸದಲ್ಲಿ ಅವಳು ಪರೆಗೆಂದು ಮನೆಮನೆಗೆ ಹೋಗುತ್ತಾಳೆ. ಅಂಗಳದಲ್ಲಿ ಪರೆ ಎಂಬ ಕೊಳಗದ ತುಂಬ ಭತ್ತ ಅಳೆದಿಟ್ಟು, ದೀಪ ಹಚ್ಚಿ, ಜನ ಕಾಯುತ್ತಾರೆ. ದೇವಿ ಬಂದು ಕೂದಲು ಬೀಸಿ, ಖಡ್ಗ ನಡುಗಿಸಿ, ಅದರ ಬಾಯಿಂದ ಹಣೆ ಗೀಚಿಕೊಂಡು, ನಾಲ್ಕು ಮಾತು ಹೇಳಿ ಹೋಗುತ್ತಾಳೆ. ವರ್ಷದ ಉಳಿದ ದಿನಗಳಲ್ಲಿ ತಂಗಮಣಿ ಕೇದಗೆ ಓಲೆಯ ಚಾಪೆ ಹೆಣೆಯುವವಳು. ನಮಗೆಲ್ಲ ಚೇಚಿ, ಅಂದರೆ ಅಕ್ಕ. ಮದುವೆಯಾಗಿರಲಿಲ್ಲ. ಖಡ್ಗ ಹಿಡಿದವಳನ್ನು ಕಟ್ಟಿಕೊಳ್ಳುವ ಗಂಡು ನಮ್ಮ ಹೊಳೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಬಾಯಿ ಮಾತ್ರ ಜೋರು. ನಾನು ಯಾರ ಮೇಲಾದರೂ ಹರಿಹಾಯ್ದು ಬಂದು ಅವಳ ಜಗಲಿಯಲ್ಲಿ ಕೂತರೆ, "ವೇಲಾಯುಧಾ, ನಿನ್ನ ಮೂಗಿನ ಮೇಲೆ ನಿಂತಿರೋ ಕೋಪಕ್ಕೊಂದು ಚಾಪೆ ಕೊಡ್ಲೇನೋ? ಪಾಪ, ನಿಂತೂ ನಿಂತೂ ಅದಕ್ಕೆ ಕಾಲು ನೋಯ್ತಿರುತ್ತೆ" ಅನ್ನುತ್ತಿದ್ದಳು.

ಆ ಮನೆಯ ಒಂದು ಕಟ್ಟಳೆ ಹೇಳಿಬಿಡಬೇಕು. ವೆಳಿಚ್ಚಪ್ಪಾಡಿನ ತಲೆಯಿಂದ ಉದುರಿದ ಕೂದಲು ಬೆಂಕಿಗೆ ಬೀಳಬಾರದು, ನೀರಿಗೆ ಬೀಳಬಾರದು, ಮಣ್ಣಿಗೂ ಬೀಳಬಾರದು. ಅದು ದೇವಿಯ ಸೊತ್ತು. ಬಾಚಣಿಗೆಗೆ ಸಿಕ್ಕಿದ್ದನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಒಳಕೋಣೆಯಲ್ಲಿರುವ ಹಲಸಿನ ಮರದ ಪೆಟ್ಟಿಗೆಗೆ ಹಾಕಬೇಕು. ಮುಚ್ಚಳದಲ್ಲಿ ಕಾಣಿಕೆ ಹುಂಡಿಗೆ ಇದ್ದಹಾಗೆ ಒಂದು ಸೀಳು. ಮುಚ್ಚಳ ತೆಗೆಯುವಂತಿಲ್ಲ. ತಂಗಮಣಿ, ಅವಳ ದೊಡ್ಡಮ್ಮ, ಅದಕ್ಕೂ ಹಿಂದಿನವರು, ಎಲ್ಲರ ಕೂದಲೂ ಅದರೊಳಗೇ. ಪೆಟ್ಟಿಗೆ ದೊಡ್ಡದೇನಲ್ಲ, ಒಂದು ಕೋಳಿ ಕೂರುವಷ್ಟು. ಆದರೂ ಅದು ತುಂಬಿತು ಎಂದು ಹೇಳಿದವರನ್ನು ನಾನು ಕಂಡಿಲ್ಲ.

ದೊಡ್ಡಮ್ಮ ನಾಣಿಯಮ್ಮ. ಅವಳಿಗೆ ಚೆಂಡೆ ಬಾರಿಸಿದವರು ನಮ್ಮಪ್ಪ. ಎಡಗಿವಿಯ ಮೇಲೆ ಅವಳಿಗೆ ಒಂದು ಬಿಳಿ ಎಳೆಗುಚ್ಛ ಇತ್ತಂತೆ, ಕಪ್ಪು ಕೂದಲಿನ ನಡುವೆ ಹಾಲು ಚೆಲ್ಲಿದ ಹಾಗೆ. ಒಂದು ವರ್ಷ ಅವಳ ಕೂದಲು ಉದುರಿತು. ಬುಡದ ತನಕ ಉದುರಿತು. ದೇವಿ ಬಿಟ್ಟುಹೋದಳು ಅಂದರು ಜನ. ಕಾವಿನ ಕಾರ್ಯಸ್ಥ ಭಾಸ್ಕರನ್, ಆಗ ಮೀಸೆ ಚಿಗುರಿದ ಪ್ರಾಯ, ಖಡ್ಗ ಚಿಲಂಬು ಎರಡನ್ನೂ ಇಳಿಸಿಕೊಂಡ. ಆಮೇಲೆ ನಾಣಿಯಮ್ಮ ಕಾವಿನ ಏಳೆಲೆ ಹಾಲೆಮರದ ಬುಡದಲ್ಲಿ ಕೂತು ಬರಿ ತಲೆಯನ್ನು ಬಾಚಿಕೊಳ್ಳುತ್ತಿದ್ದಳಂತೆ. ಮಳೆ ಹಿಡಿದಾಗ ಹೊಳೆ ಅವಳನ್ನು ಒಯ್ದಿತು. ಒಯ್ದಿತೋ, ಅವಳೇ ಹೋದಳೋ, ಕೇಳಿದರೆ ನಮ್ಮಪ್ಪ ಬೀಡಿ ಹಚ್ಚುತ್ತಿದ್ದರು.

ಇಷ್ಟು ಗೊತ್ತಿದ್ದ ಮೇಲೆ, ತಂಗಮಣಿಯ ಕೂದಲು ಉದುರಲು ಶುರುವಾದಾಗ ಅವಳಿಗೆ ಏನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಕರ್ಕಾಟಕ ಮಾಸದ ಮಳೆಯಲ್ಲಿ ಅವಳಿಗೆ ಜ್ವರ ಬಂದಿತ್ತು. ಕೀಲುಕೀಲು ಹಿಡಿದು ಹಾಸಿಗೆಗೆ ಕೆಡವಿದ ಜ್ವರ. ಅದರಿಂದ ಎದ್ದಳು, ಓಣಂ ಊಟ ಉಂಡಳು, ಚಾಪೆಗೆ ಕೂತಳು. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ಕನ್ಯಾ ಮಾಸದ ಬಿಸಿಲಿನಲ್ಲಿ, ಒಂದು ಬೆಳಿಗ್ಗೆ ಬಾಚಣಿಗೆ ಎಳೆದರೆ ಬಾಚಣಿಗೆಯ ಜೊತೆಗೇ ಕೂದಲು ಬಂತು. ಹೆಣೆಯುತ್ತಿದ್ದ ಚಾಪೆಯ ಸಂದಿನಲ್ಲಿ ಕೂದಲು, ಗಂಜಿಯ ಬಟ್ಟಲಲ್ಲಿ ಕೂದಲು, ದಿಂಬಿನ ಮೇಲೆ ಯಾರೋ ಪಕ್ಕದಲ್ಲಿ ಮಲಗಿ ಎದ್ದುಹೋದಂತೆ ಕೂದಲು.

ನಾನು ಒಂದು ಮಧ್ಯಾಹ್ನ ಚಾಪೆ ಕೇಳಲು ಹೋದಾಗ ಅವಳು ಜಗಲಿಯಲ್ಲಿ ಒದ್ದೆ ತಲೆ ಬಿಗಿದು ಕಟ್ಟಿ ಕೂತಿದ್ದಳು. ನೆತ್ತಿಯ ಮೇಲೆ ಹಸಿ ಅರಿಶಿನ. ಅರಿಶಿನದ ಅಡಿಯಲ್ಲಿ ರಕ್ತ.

"ಏನ್ ಚೇಚಿ ಇದು? ಪರೆಗೆ ಇನ್ನೂ ಎಷ್ಟು ತಿಂಗಳಿದೆ, ಈಗ್ಲೇ ಯಾಕೆ ತಲೆ ಕಡ್ಕೊಂಡಿದೀಯ?"

"ತಪ್ಪು ಕಾಣಿಕೆ ಕಣೋ. ಅಮ್ಮನಿಗೆ ನನ್ನ ಮೇಲೆ ಮುನಿಸು. ಮೂರು ಹೊತ್ತು ಕೆರೆಯಲ್ಲಿ ಮುಳುಗ್ತಿದೀನಿ, ಒಂದೇ ಹೊತ್ತು ಊಟ. ಆದ್ರೂ ಉದುರ್ತಾನೇ ಇದೆ."

"ಮುನಿಸಿದ್ರೆ ಬಾಯಿಬಿಟ್ಟು ಹೇಳ್ತಿದ್ಳು. ನಿನ್ನ ಬಾಯಿ ಅವಳ ಕೈಯಲ್ಲೇ ಇದೆಯಲ್ಲ."

ಅವಳು ನಗಲಿಲ್ಲ. ಒಳಕೋಣೆಯ ಕಡೆ ತಲೆ ತಿರುಗಿಸಿ, "ಕೇಳಿಸ್ತಾ?" ಅಂದಳು.

ಏನೂ ಇರಲಿಲ್ಲ. ಹಾಲೆಮರದಲ್ಲಿ ಹಕ್ಕಿ ಕೂಡ ಸುಮ್ಮನಿದ್ದ ಹೊತ್ತು. ಆಮೇಲೆ ಕೇಳಿಸಿತು. ಮರದ ಬಾಚಣಿಗೆ ಉದ್ದ ಕೂದಲಿನಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಸದ್ದು. ನಿಧಾನಕ್ಕೆ ಒಮ್ಮೆ ಇಳಿಯಿತು. ತಡೆದು ಮತ್ತೊಮ್ಮೆ ಇಳಿಯಿತು.

"ಇಲಿ," ಅಂದೆ.

"ಇಲಿ ಮೇಲಕ್ಕೂ ಕೆರೆಯುತ್ತೆ ವೇಲು. ಇದು ಕೆಳಕ್ಕೆ ಮಾತ್ರ ಬರುತ್ತೆ. ನಾನು ಉಂಡೆ ಹಾಕಿದ ಮೇಲೇ ಶುರುವಾಗುತ್ತೆ."

ನನಗೆ ಸಿಟ್ಟು ಬಂತು. ಹೆದರಿಕೆ ಆದಾಗ ನನಗೆ ಸಿಟ್ಟೇ ಬರುವುದು. ಅವಳ ರಟ್ಟೆ ಹಿಡಿದು ಎಬ್ಬಿಸಿ, ಉಟ್ಟ ಸೀರೆಯಲ್ಲೇ ಕಡವಿಗೆ ಕರೆದೊಯ್ದು, ದೋಣಿ ಹತ್ತಿಸಿ ಆಚೆ ದಂಡೆಯ ಉಣ್ಣೀರಿ ವೈದ್ಯರ ಮನೆಗೆ ಎಳೆದುಕೊಂಡು ಹೋದೆ.

ವೈದ್ಯರಿಗೆ ವಯಸ್ಸಾಗಿತ್ತು. ಸ್ವಂತ ತಲೆ ತಾಮ್ರದ ಚೊಂಬಿನಂತೆ ಬೋಳು. ತಂಗಮಣಿ ಅದನ್ನೇ ನೋಡುತ್ತಿದ್ದದ್ದು ಕಂಡು, "ಯಾಕಮ್ಮ, ಅಡುಗೆಯವನೇ ಉಪವಾಸ ಇದಾನಲ್ಲ ಅಂತ ಯೋಚನೆಯಾ? ಇದು ನಮ್ಮಪ್ಪ ಕೊಟ್ಟ ಆಸ್ತಿ. ಹುಟ್ಟಿನಿಂದ ಬಂದ ಬೋಳಿಗೆ ನನ್ನ ಹತ್ರ ಮದ್ದಿಲ್ಲ, ಇದೆ ಅನ್ನೋನು ಸುಳ್ಳ. ನಿಂದು ಬೇರೆ. ಬಾ, ಬೆಳಕಿಗೆ ಕೂರು" ಅಂದರು.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಸವರಿದರು. ಎಳೆಯಲಿಲ್ಲ, ಬರಿದೇ ಸವರಿದರು. ಅಷ್ಟಕ್ಕೇ ಏಳೆಂಟು ಕೈಗೆ ಬಂದವು. ಬುಡವನ್ನು ನನಗೆ ತೋರಿಸಿದರು. ಸಾಸಿವೆಗಿಂತ ಚಿಕ್ಕ ಬಿಳೀ ಗಂಟು.

"ಜ್ವರ ಯಾವಾಗ ಬಂದಿದ್ದು?"

"ಕರ್ಕಾಟಕದಲ್ಲಿ. ಅದು ಆವತ್ತೇ ಬಿಟ್ಟುಹೋಯ್ತಲ್ಲ ವೈದ್ಯರೇ."

"ಜ್ವರ ಹೋಯ್ತು. ಹೋಗ್ತಾ ಇವನ್ನ ಕೊಂದು ಹೋಯ್ತು. ನೀನು ಈಗ ಬಾಚಿ ತೆಗೀತಿರೋ ಕೂದಲು ಆವತ್ತೇ ಸತ್ತಿದ್ದು ತಾಯಿ. ಹೆಣ ಮಾತ್ರ ಈಗ ಬೀಳ್ತಿದೆ. ಕೂದಲಿನ ಸಾವಿನ ಸುದ್ದಿ ಎರಡು ಮೂರು ತಿಂಗಳು ತಡವಾಗೇ ಬರೋದು."

ತಂಗಮಣಿ ಮಡಿಲಲ್ಲಿ ಬಿದ್ದಿದ್ದ ಎಳೆಗಳನ್ನು ಆರಿಸಿ ಬೆರಳಿಗೆ ಸುತ್ತತೊಡಗಿದಳು. ಅಷ್ಟು ದಿನ ತಲೆಯ ಮೇಲೆ ಹೆಣಗಳನ್ನು ಹೊತ್ತು ತಿರುಗಿದೆನೇ ಎಂದು ಅವಳ ಮುಖ ಕೇಳುತ್ತಿತ್ತು.

"ಬೇರು ಬದುಕಿದೆ," ಅಂದರು ವೈದ್ಯರು. "ಸತ್ತದ್ದೆಲ್ಲ ಬಿದ್ದು ಮುಗೀಬೇಕು. ಅದನ್ನ ಯಾವ ಎಣ್ಣೇನೂ ಅಂಟಿಸಿ ನಿಲ್ಲಿಸಲ್ಲ. ಹೊಸದು ಹುಟ್ಟೋಕೆ ಜಾಗ ಮಾಡಿಕೊಡೋದಷ್ಟೇ ನಮ್ಮ ಕೆಲಸ. ಈಗ ಹೇಳು, ಏನೇನು ಹುಚ್ಚಾಟ ಮಾಡಿದೀಯ?"

ಅವಳು ಹೇಳಿದಳು. ಮೂರು ಹೊತ್ತು ಮುಳುಗು, ಒದ್ದೆ ಜಡೆ, ಒಪ್ಪೊತ್ತು, ಖಡ್ಗ. ಹೇಳುತ್ತಾ ಹೋದಂತೆ ವೈದ್ಯರ ಚೊಂಬು ಕೆಂಪಾಯಿತು. ಅವರ ಸಿಟ್ಟಿನ ಮುಂದೆ ನನ್ನದು ಕಡ್ಡಿಪೆಟ್ಟಿಗೆ.

"ಕೂದಲು ಅಂದ್ರೆ ಎಲುಬಿನ ಕಿಟ್ಟ ಅನ್ನುತ್ತೆ ಶಾಸ್ತ್ರ. ಎಲುಬಿಗೇ ಅನ್ನ ಇಲ್ಲ, ಕಿಟ್ಟ ಎಲ್ಲಿಂದ ಬರಬೇಕು? ಮೈಯಲ್ಲಿ ರಕ್ತ ಇಲ್ಲ, ಇರೋದನ್ನೂ ಖಡ್ಗದಿಂದ ಚೆಲ್ಲಿದೀಯ. ನೆತ್ತಿ ಮೇಲೆ ಹೊಲಿದ ಹಾಗೆ ಗೆರೆ ಇವೆ ನೋಡು. ಆ ಕಲೆಗಳ ಮೇಲೆ ಇನ್ನು ಹುಲ್ಲೂ ಹುಟ್ಟಲ್ಲ, ಅದು ಹೋದದ್ದು ಹೋಯ್ತು. ಉಳಿದದ್ದನ್ನ ಉಳಿಸ್ಕೋ. ನಾಳೆ ಪೇಟೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು. ಗಂಟಲ ಗ್ರಂಥೀದೂ ನೋಡೋಕೆ ಹೇಳು. ಅಲ್ಲಿ ಕಬ್ಬಿಣದ ಮಾತ್ರೆ ಕೊಟ್ರೆ ತಗೋ, ಜಗಳ ಆಡಬೇಡ."

ಆಮೇಲೆ ಮಾಡಬೇಕಾದ್ದನ್ನು ಹೇಳಿದರು. ಎಣ್ಣೆ ಬೆಚ್ಚಗೆ ಮಾಡಿ ಬೆರಳ ಮೆತ್ತೆಯಿಂದ ಒತ್ತಬೇಕು, ಉಗುರು ತಾಗಬಾರದು, ತಿಕ್ಕಬಾರದು. ಹೆಚ್ಚು ಹೊತ್ತು ನೆನೆಸಿ ಕೂರಬಾರದು. ದಾಸವಾಳದ ಎಲೆಯ ಲೋಳೆ, ಹೆಸರು ಹಿಟ್ಟು ಹಾಕಿ ತೊಳೆಯಬೇಕು, ಸೋಪು ಬೇಡ. ತಲೆಗೆ ಬಿಸಿನೀರು ಬೇಡ. ಪೂರ್ತಿ ಒಣಗದೆ ಕಟ್ಟಬಾರದು, ಒಣಗಿದ ಮೇಲೂ ಬಿಗಿಯಬಾರದು. ಮಿಂದ ಮೇಲೆ ನೆತ್ತಿಗೆ ಒಂದು ಚಿಟಿಕೆ ರಾಸ್ನಾದಿ ಪುಡಿ. ಹೆಸರುಕಾಳಿನ ಗಂಜಿ, ನುಗ್ಗೆಸೊಪ್ಪು, ಎಳ್ಳು, ನೆಲ್ಲಿಕಾಯಿ. ಹೊತ್ತಿಗೆ ನಿದ್ದೆ.

"ಕುಂಭಕ್ಕೆ ಬರುತ್ತಾ?" ಅವಳು ಕೇಳಿದ್ದು ಅದೊಂದೇ.

"ಬರುತ್ತೆ, ಅರ್ಧ ಬೆರಳುದ್ದ. ಬೀಸೋಕೆ ಆಗಲ್ಲ. ಮೊಣಕಾಲು ಮುಟ್ಟೋಕೆ ವರ್ಷಗಳು ಬೇಕು." ಎದ್ದು ಹೋಗುವವರು ಬಾಗಿಲಲ್ಲಿ ನಿಂತು, ತಿರುಗದೆ ಅಂದರು, "ನಿಮ್ಮ ನಾಣಿಯಮ್ಮನೂ ಇದೇ ಹಲಗೆ ಮೇಲೆ ಕೂತಿದ್ಳು. ಆಗ ನಾನು ಹೊಸಬ. ಎಣ್ಣೆ ಕಾಯಿಸಿ ಇಟ್ಟಿದ್ದೆ. ತಗೊಂಡು ಹೋಗೋಕೆ ಬರ್ಲೇ ಇಲ್ಲ."

ಎಣ್ಣೆ ಕಾಯಿಸುವ ದಿನ ನಾವಿಬ್ಬರೂ ಹೋದೆವು. ಗರುಗದ ಸೊಪ್ಪಿನ ರಸ, ನೀಲಿ ಎಲೆಯ ರಸ, ನೆಲ್ಲಿಕಾಯಿ ರಸ, ಮೇಕೆ ಹಾಲು, ಅತಿಮಧುರದ ಕಲ್ಕ, ಕೊಬ್ಬರಿ ಎಣ್ಣೆ. ಅಗಲ ಬಾಯಿಯ ಕಂಚಿನ ಉರುಳಿ ಬೆಳಗಿನಿಂದ ಕುದಿಯುತ್ತಿತ್ತು. ಹದ ನೋಡುವುದಕ್ಕೆ ವೈದ್ಯರು ತಳದ ಚರಟವನ್ನು ಚಿಟಿಕೆ ತೆಗೆದು ಬತ್ತಿ ಹೊಸೆದು ಕೆಂಡಕ್ಕೆ ಹಾಕುತ್ತಿದ್ದರು. ಚಟಚಟ ಅಂದರೆ ಒಳಗೆ ನೀರಿದೆ. ಸುಮ್ಮನೆ ಉರಿದರೆ ಎಣ್ಣೆ ಆಯಿತು. ಆ ದಿನ ಅದು ಸುಮ್ಮನಾಗಲೇ ಇಲ್ಲ. ಚರಟ ಒಣಗಿ ಮರಳಿನಂತೆ ಆದರೂ ಕೆಂಡದಲ್ಲಿ ಮಾತಾಡುತ್ತಿತ್ತು. ವೈದ್ಯರು ಹುಬ್ಬು ಗಂಟಿಕ್ಕಿ ಸೌಟನ್ನು ತಳಕ್ಕೆ ಇಳಿಸಿ ಎತ್ತಿದರು.

ಸೌಟಿನ ಕುತ್ತಿಗೆಗೆ ಒಂದು ಕೂದಲು ಸುತ್ತಿಕೊಂಡಿತ್ತು.

ತಂಗಮಣಿ ಉರುಳಿಯಿಂದ ದೂರ, ತಲೆಗೆ ಬಟ್ಟೆ ಕಟ್ಟಿ ಕೂತಿದ್ದಳು. ವೈದ್ಯರು ಬೋಳು. ನನ್ನದು ಕ್ರಾಪು. ಆ ಮನೆಯಲ್ಲಿ ಹೆಂಗಸರಿಲ್ಲ. ಎಣ್ಣೆ ಇಳಿಯುತ್ತಿದ್ದ ಆ ಎಳೆಯನ್ನು ವೈದ್ಯರು ಎತ್ತಿದರು, ಎತ್ತಿದರು, ಅದು ಮುಗಿಯಲೊಲ್ಲದು. ಒಂದು ಗೇಣು ಕಪ್ಪು, ಆಮೇಲೆ ತುದಿಯ ತನಕ ಹಾಲಿನಂಥ ಬಿಳುಪು. ಬೆಂಕಿಗೆ ಹಾಕಲು ಕೈ ಚಾಚಿದವರು ತಡೆದು, ಅದನ್ನು ಸುತ್ತಿ ತಂಗಮಣಿಯ ಅಂಗೈಯಲ್ಲಿ ಇಟ್ಟರು.

"ಪೆಟ್ಟಿಗೆಗೆ ಹಾಕ್ಬಿಡು," ಅಂದರು. ಅಷ್ಟೇ. ಮುಂದಿನ ಚಿಟಿಕೆ ಸದ್ದಿಲ್ಲದೆ ಉರಿಯಿತು.

ವೈದ್ಯರ ಮಾತು ಒಂದೂ ತಪ್ಪಲಿಲ್ಲ. ರಕ್ತ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ನನ್ನ ಹೆಂಡತಿ ಸುಲೋಚನ ದಿನಾ ಹೋಗಿ ಎಣ್ಣೆ ಒತ್ತಿ ಬರುತ್ತಿದ್ದಳು. ಧನು ಮಾಸದ ಗಾಳಿ ಬೀಸುವ ಹೊತ್ತಿಗೆ ಉದುರುವುದು ನಿಂತಿತು. ಆದರೆ ನಿಲ್ಲುವಾಗ ತಲೆಯಲ್ಲಿ ಉಳಿದಿದ್ದದ್ದು ಕಡಿಮೆ. ಎಣ್ಣೆ ಹಚ್ಚಿದರೆ ನೆತ್ತಿ ಹೊಳೆಯುತ್ತಿತ್ತು. ಸುಲೋಚನ ನನಗೆ ಗುಟ್ಟಾಗಿ, "ಸಣ್ಣಗೆ ಮೊಳಕೆ ಬರ್ತಿದೆ ಕಣ್ರೀ, ಕೈಗೆ ಹತ್ತುತ್ತೆ, ಕಣ್ಣಿಗೆ ಕಾಣಲ್ಲ" ಅಂದಿದ್ದಳು.

ಕಣ್ಣಿಗೆ ಕಾಣದ್ದು ಭಾಸ್ಕರನ್ ಕಾರ್ಯಸ್ಥನಿಗೆ ಬೇಕಿರಲಿಲ್ಲ. ಮಕರದ ಕೊನೆಯಲ್ಲಿ ಕಾವಿನ ಕಟ್ಟೆಯ ಮೇಲೆ ಕೂತು ಎಲ್ಲರ ಎದುರು ಹೇಳಿದ. ಈಗ ಅವನಿಗೆ ನರೆತ ಮೀಸೆ, ಕೈಯಲ್ಲಿ ಬೆತ್ತ.

"ಕುಂಭದ ಮೊದಲ ಪರೆ ನಮ್ಮ ಅಂಗಳದಲ್ಲಿ. ಅವತ್ತು ಅವಳು ಕೂದಲು ಬಿಚ್ಚಿ ಬೀಸಿದ್ರೆ ಸರಿ. ಇಲ್ಲಾಂದ್ರೆ ಖಡ್ಗ, ಚಿಲಂಬು ಅಲ್ಲೇ ಇಳಿಸಿಟ್ಟು ಹೋಗ್ಲಿ. ಬೋಳುತಲೆ ಮೇಲೆ ದೇವಿ ಕೂರೋಕೆ ಅದೇನು ಮಣೆಯಾ?"

"ನಿಮ್ಮ ತಲೆ ಮೇಲೆ ಕೂದಲಿದೆಯಲ್ಲ, ಯಾವ ದೇವಿ ಬಂದು ಕೂತಿದಾಳೆ? ಹೇನು ಬಿಟ್ರೆ?" ಅಂದೆ ನಾನು.

"ಏ ವೇಲಾಯುಧ, ಚೆಂಡೆಯವನು ಚೆಂಡೆ ಬಾರಿಸು. ಬಾಯಿ ಬಾರಿಸಬೇಡ."

ನಾನು ಕಟ್ಟೆ ಹತ್ತಿದೆ. ಅವನ ಹೆಗಲ ಶಾಲು ನನ್ನ ಮುಷ್ಟಿಯಲ್ಲಿತ್ತು. ನಾಲ್ಕು ಜನ ಬಿಡಿಸಿದರು. ಬಿಡಿಸಿದ್ದೇ ತಪ್ಪು ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ತಂಗಮಣಿ ಕಟ್ಟೆಯ ಕೆಳಗೆ ನಿಂತು ಎಲ್ಲ ಕೇಳಿದಳು. ಹಾಲೆಮರದ ಬುಡವನ್ನು, ನಾಣಿಯಮ್ಮ ಕೂರುತ್ತಿದ್ದ ಬೇರನ್ನು, ತನಗಾಗಿ ಕಾದಿರಿಸಿದ ಮಣೆಯನ್ನು ನೋಡುವವಳಂತೆ ನೋಡುತ್ತಿದ್ದಳು. ಅವಳ ಜಗಲಿಗೆ ಹೋಗಿ, "ಹೆದರಬೇಡ ಚೇಚಿ" ಅಂದರೆ, "ಖಡ್ಗ ಹೋದ್ರೆ ನಾನು ಯಾರೋ? ಚಾಪೆಯವಳು. ಆಮೇಲೆ ಬರಿ ತಲೆ ಬಾಚೋಳು. ಆಮೇಲೆ ಹೊಳೆ" ಅಂದಳು, ಸಂತೆಗೆ ಹೋಗುವ ದಾರಿ ಹೇಳಿದಷ್ಟು ಸಲೀಸಾಗಿ.

ಮೊದಲ ಪರೆಯ ಬೆಳಿಗ್ಗೆ ನಾನು ಚೆಂಡೆ ಬಿಗಿದುಕೊಂಡು ಅವಳ ಮನೆಗೆ ಹೋದೆ. ಅವಳು ಒಳಗಿಂದ ಬೆನ್ನು ತಿರುಗಿಸಿಯೇ ಹೊರಗೆ ಬಂದಳು, ಬಾಗಿಲು ಹಾಕಿಕೊಳ್ಳುತ್ತಾ. ಮೊಣಕಾಲಿನ ತನಕ ಕಪ್ಪು ಜಡೆ ಇಳಿದಿತ್ತು.

ನಾನು ಚೆಂಡೆ ಇಳಿಸಿ ಜಗಲಿಯ ಮೇಲಿಟ್ಟೆ.

"ಪೆಟ್ಟಿಗೆ ತೆಗೆದೆ," ಅಂದಳು. "ನಾನು ಹಾಕಿದ್ದೆಲ್ಲ ಉಂಡೆ ವೇಲು, ಬಿಡಿಬಿಡಿ ಉಂಡೆ. ಮುಚ್ಚಳ ಎತ್ತಿದ್ರೆ ಒಂದೂ ಉಂಡೆ ಇಲ್ಲ. ಇದು ಇತ್ತು. ಹೆಣೆದು ಇಟ್ಟಿತ್ತು. ಎಣ್ಣೆ ಹಚ್ಚಿದ ಹಾಗೆ ಹೊಳೀತಿತ್ತು."

"ನೀನೇ ನಿದ್ದೆಗಣ್ಣಲ್ಲಿ ಹೆಣೆದಿರ್ತೀಯ. ಚಾಪೆ ಹೆಣೆಯೋ ಕೈ. ತೆಗಿ ಅದನ್ನ. ಹೊಸ ಬೇರು ಕಿತ್ತು ಬರುತ್ತೆ, ವೈದ್ಯರು ಬಿಗೀಬೇಡ ಅಂದಿಲ್ವಾ?"

"ಇವತ್ತೊಂದು ದಿನ."

ಅವಳು ತಿರುಗಿದಳು. ಜಡೆಯ ಬುಡವನ್ನು ತನ್ನ ಉಳಿದ ಕೂದಲಿಗೆ ಕೆಂಪು ದಾರದಲ್ಲಿ ಬಿಗಿದು ಕಟ್ಟಿದ್ದಳು. ಹಣೆಯ ಚರ್ಮ ಹಿಂದಕ್ಕೆ ಜಗ್ಗಿ ಕಣ್ಣು ಓರೆಯಾಗಿದ್ದವು. ಎಡಗಿವಿಯ ಮೇಲಿಂದ ಜಡೆಯುದ್ದಕ್ಕೂ ಒಂದು ಬಿಳೀ ಎಳೆಗುಚ್ಛ ಸುತ್ತಿ ಸುತ್ತಿ ಇಳಿದಿತ್ತು.

ಭಾಸ್ಕರನ್ ಅಂಗಳದಲ್ಲಿ ಊರೇ ಸೇರಿತ್ತು. ನಡುಹಗಲು. ಪರೆಯ ಭತ್ತದ ಮೇಲೆ ತೆಂಗಿನ ಹೊಂಬಾಳೆ, ಪಕ್ಕದಲ್ಲಿ ಬಿಸಿಲಿಗೆ ಕಾಣದಂತೆ ಉರಿಯುವ ದೀಪ. ಜಡೆ ನೋಡಿ ಭಾಸ್ಕರನ್ ಮುಖ ಮೊದಲು ಸಪ್ಪಗಾಯಿತು. ಆ ಬಿಳೀ ಗುಚ್ಛ ಕಂಡ ಮೇಲೆ ಬೇರೆ ಏನೋ ಆಯಿತು. ಬೆತ್ತವನ್ನು ಎರಡು ಕೈಯಲ್ಲಿ ಹಿಡಿದ.

ನಾನು ಬಾರಿಸತೊಡಗಿದೆ. ತಂಗಮಣಿ ಜಡೆ ಬಿಚ್ಚಿ ಹರಡಿ ನಿಂತಳು. ಕೂದಲ ತುದಿ ನಡುಗುವುದಕ್ಕೆ ಕಾದೆ. ಅದು ತುದಿಯಲ್ಲಿ ನಡುಗಲಿಲ್ಲ. ಬುಡದಲ್ಲಿ ನಡುಗಿತು. ಕೆಂಪು ದಾರ ಕಟ್ಟಿದ ಜಾಗದಿಂದ ನಡುಕ ಕೆಳಕ್ಕೆ ಇಳಿಯಿತು, ಬಾಚಣಿಗೆ ಇಳಿಯುವ ಹಾಗೆ, ನಿಧಾನಕ್ಕೆ, ತಡೆದು ತಡೆದು. ನನ್ನ ಕೈ ಆ ತಾಳಕ್ಕೇ ಹೊಂದಿಕೊಂಡಿತು. ಅದು ನನ್ನ ತಾಳ ಅಲ್ಲ. ನಮ್ಮಪ್ಪ ಬಾರಿಸುತ್ತಿದ್ದ ಹಳೇ ತಾಳ, ಅವರು ನನಗೆ ಕಲಿಸದೆ ಬಿಟ್ಟದ್ದು.

ದೇವಿ ಮಾತಾಡುವಾಗ ಗಟ್ಟಿ ದನಿ, ಅಂಗಳ ತುಂಬುವ ದನಿ. ಆ ದಿನ ಬಂದದ್ದು ಸಣ್ಣ ದನಿ. ನೆಗಡಿ ಹಿಡಿದ ಮುದುಕಿಯ ದನಿ.

"ಬಾಚೂ," ಅಂದಿತು. "ಬಾಚುಮೋನೇ. ಎಣ್ಣೆ ಬಂತಾ?"

ಭಾಸ್ಕರನನ್ನು ಆ ಹೆಸರಿನಿಂದ, ಅದೂ ಮೋನೇ, ಮಗನೇ ಎಂದು, ಯಾರೂ ಕರೆದದ್ದು ನಾನು ಕೇಳಿರಲಿಲ್ಲ. ಅವನು ಜಗಲಿಯ ಮೇಲೆ ಕೂತುಬಿಟ್ಟ.

"ಮತ್ತೆ ಹೊಳೆ ದಾಟೋಕೆ ನನ್ನ ಬಿಡ್ಲಿಲ್ಲ. ನೀನೇ ತರ್ತೀನಿ ಅಂದೆ. ನಾನು ಮರದ ಕೆಳಗೆ ಕೂತು ಕಾದೆ. ಕೇಳಿದ್ರೆ, ದೀಪಕ್ಕೇ ಎಣ್ಣೆ ಸಾಲ್ದು, ಸತ್ತ ತಲೆಗೆ ಯಾಕೆ ಅಂದೆ ನೀನು. ಯಾರೂ ಇರ್ಲಿಲ್ಲ ಬಾಚೂ, ನೀನೂ ನಾನೂ ಇಬ್ರೇ. ಸತ್ತ ತಲೆ ಅಂದೆ."

"ಇಲ್ಲ, ನಾನು..." ಅಂದ ಭಾಸ್ಕರನ್.

"ಸತ್ತಿದೆಯಾ ನೋಡ್ತೀಯಾ?"

ಖಡ್ಗ ಮೇಲೆದ್ದಿತು. ಎಂದಿನಂತೆ ಹಣೆಯ ಮೇಲೆ ಗೀಚುವ ಏಟು ಅಲ್ಲ. ಎರಡು ಕೈಯೂ ಹಿಡಿಯ ಮೇಲಿದ್ದವು, ಬಾಯಿ ನೆತ್ತಿಗೆ ನೇರವಾಗಿತ್ತು, ತೆಂಗಿನಕಾಯಿ ಒಡೆಯುವವರು ಎತ್ತುವ ಹಾಗೆ. ಜನ ಕೈಮುಗಿದೇ ನಿಂತಿದ್ದರು. ದೇವಿ ಎಂದುಕೊಂಡಿದ್ದರು ಅವರು. ಹಿಂದಿನಿಂದ ನೋಡುತ್ತಿದ್ದ ನನಗೆ ಮಾತ್ರ ಕಂಡಿತು, ತಂಗಮಣಿಯ ತೋಳುಗಳು ಬೇಡ ಬೇಡ ಎಂದು ನಡುಗುತ್ತಿದ್ದವು. ಆ ಜಡೆ ಮಾತ್ರ ಅಲುಗಾಡದೆ ನೆಟ್ಟಗೆ ತೂಗುತ್ತಿತ್ತು.

ಕೋಲು ನಿಲ್ಲಬಾರದು. ನಿಲ್ಲಿಸಹೋದೆ. ನಿಲ್ಲಿಸುವುದಕ್ಕೆ ಕೈ ಒಪ್ಪಲಿಲ್ಲ, ಆಗ ಕೋಲುಗಳನ್ನು ಎಸೆದೇಬಿಟ್ಟೆ. ಸದ್ದು ಸತ್ತ ಅಂಗಳದಲ್ಲಿ ಆ ಸಣ್ಣ ದನಿ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ನನಗೆ ಬಂದ ಸಿಟ್ಟು ದೇವಿಯ ಮೇಲೋ, ನಾಣಿಯಮ್ಮನ ಮೇಲೋ, ಭಾಸ್ಕರನ ಮೇಲೋ ಗೊತ್ತಿಲ್ಲ. "ಅವಳನ್ನ ಬಿಡೇ! ಎಣ್ಣೆ ನಾನು ತರ್ತೀನಿ, ಬಿಡು!" ಎಂದು ಅರಚಿ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.

ಅದು ಬೆಚ್ಚಗಿತ್ತು. ಬಂತು. ದಾರದ ಜೊತೆ ತಂಗಮಣಿಯ ಹಳೇ ಕೂದಲೂ ಕಿತ್ತು ಬಂತು. ಖಡ್ಗ ನೆಲಕ್ಕೆ ಬಿದ್ದು ಪರೆಯ ಭತ್ತ ಚೆಲ್ಲಿತು. ಅವಳು ಮಂಡಿಯೂರಿ ಕೂತು, ತನ್ನದೇ ದನಿಯಲ್ಲಿ, "ಅಯ್ಯೋ ನನ್ನ ತಲೆ, ವೇಲು, ಎಷ್ಟು ನೋಯ್ತಿದೆ" ಎಂದು ಅತ್ತಳು. ಆ ಅಳು ಕೇಳಿ ನನ್ನ ಜೀವ ಮರಳಿ ಬಂತು.

ಬಿಸಿಲು ಅವಳ ತಲೆಯ ಮೇಲೆ ನೇರವಾಗಿ ಬೀಳುತ್ತಿತ್ತು. ಎಲ್ಲರೂ ನೋಡಿದರು. ಗಾಯದ ಗೆರೆಗಳನ್ನು ಬಿಟ್ಟು ಉಳಿದ ಕಡೆಯೆಲ್ಲ ಅರ್ಧ ಬೆರಳುದ್ದದ ಹೊಸ ಕೂದಲು, ಮೊದಲ ಮಳೆಗೆ ಗದ್ದೆಯ ಬದುವಿನಲ್ಲಿ ಏಳುವ ಹುಲ್ಲಿನಂತೆ. ಗಾಳಿ ಇರಲಿಲ್ಲ. ಅದರ ತುದಿಗಳು ನಡುಗುತ್ತಿದ್ದವು.

ಜನ ಮತ್ತೆ ಕೈಮುಗಿದರು. ಆಗ ಅಂಗಳ ತುಂಬುವ ಆ ಗಟ್ಟಿ ದನಿ ಬಂತು, ನಮಗೆ ಪರಿಚಯದ ದನಿ. ಒಂದೇ ಮಾತು ಹೇಳಿತು: "ಮನೆಗೆ ಹೋಗೋಣ."

ಭಾಸ್ಕರನ್ ಎದ್ದು ಬಂದು ಖಡ್ಗವನ್ನು ಎತ್ತಿ, ಶಾಲಿನಿಂದ ಒರೆಸಿ, ಅವಳ ಕೈಗೆ ಕೊಟ್ಟ. ಅವಳ ಮುಖ ನೋಡಲಿಲ್ಲ. ಆ ಬಳಿಕ ಖಡ್ಗ ಇಳಿಸುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಆ ಕುಂಭವೆಲ್ಲ ಅವಳು ಗಿಡ್ಡ ಕೂದಲಲ್ಲೇ ಪರೆಗೆ ಹೋದಳು, ನಾನು ಹಿಂದೆ. ಖಡ್ಗವನ್ನು ನಡುಗಿಸು, ತಲೆಗೆ ತಾಗಿಸಬೇಡ ಎಂದು ವೈದ್ಯರು ಆಮೇಲೆ ಹೇಳಿದ್ದನ್ನು ದೇವಿಯೂ ಒಪ್ಪಿಕೊಂಡಂತಿತ್ತು.

ಹೊಸ ಕೂದಲು ಈಗ ಅವಳ ಹೆಗಲು ದಾಟಿದೆ. ಎಡಗಿವಿಯ ಮೇಲೆ ಅದು ಬಿಳಿಯಾಗಿ ಹುಟ್ಟಿತು. ವೈದ್ಯರನ್ನು ಕೇಳಿದೆ. "ಉದುರಿ ಹುಟ್ಟೋ ಕೂದಲು ಕೆಲವು ಸಲ ಮೊದಲು ಬಿಳಿಯಾಗೇ ಬರುತ್ತೆ, ಆಮೇಲೆ ಕಪ್ಪಾಗುತ್ತೆ. ವಂಶದಲ್ಲೂ ಇರಬಹುದು" ಅಂದರು. ಇನ್ನೂ ಕಪ್ಪಾಗಿಲ್ಲ. ಬಿಸಿಲಲ್ಲಿ ನಾನು ಅವಳ ಹಿಂದೆ ನಡೆಯುವಾಗ ಆ ಬಿಳುಪು ಕಣ್ಣಿಗೆ ಹೊಡೆಯುತ್ತದೆ. "ಏನೋ ಹಾಗೆ ನೋಡ್ತೀಯ, ಹಾಲು ಚೆಲ್ಲಿದ್ರೆ ನೆಕ್ಕೋ ಬೆಕ್ಕಿನ ಹಾಗೆ?" ಅನ್ನುತ್ತಾಳೆ. ಬಾಯಿ ಮಾತ್ರ ಅವಳದೇ, ನಿಸ್ಸಂದೇಹವಾಗಿ.

ಜಡೆಯನ್ನು ಅವತ್ತೇ ಪೆಟ್ಟಿಗೆಗೆ ಹಾಕಿ ಮುಚ್ಚಳ ಜಡಿದೆವು. ಮಾತು ಕೊಟ್ಟಿದ್ದೆನಲ್ಲ. ಹಾಗಾಗಿ ವೈದ್ಯರು ಎಣ್ಣೆ ಕಾಯಿಸಿದಾಗಲೆಲ್ಲ ಮೊದಲ ಸೌಟು ನಾಣಿಯಮ್ಮನದು. ನಾನೇ ಹೊಳೆ ದಾಟಿ ತಂದು, ಬೆಚ್ಚಗಿರುವಾಗಲೇ ಆ ಸೀಳಿನೊಳಗೆ ಸುರಿಯುತ್ತೇನೆ. ಬಾಚಣಿಗೆಯ ಸದ್ದು ಈಗ ಇಲ್ಲ. ಹಲಸಿನ ಹಲಗೆ ಹಳೆಯದು, ಮೂಲೆ ಬಿಟ್ಟಿದೆ, ಅಡಿಯಲ್ಲಿ ಬೆರಳು ತೂರುವಷ್ಟು ಸಂದಿದೆ. ಎಣ್ಣೆ ಸೋರಿ ನೆಲ ಜಿಡ್ಡಾದೀತೆಂದು ತಂಗಮಣಿ ಕೆಳಗೊಂದು ಚಾಪೆ ಹಾಸಿದ್ದಾಳೆ.

ಇಷ್ಟು ಸೌಟು ಸುರಿದಿದ್ದೇವೆ. ಚಾಪೆ ಇನ್ನೂ ಒಣಗಿಯೇ ಇದೆ.